ಕೂಲೆಂಟ್ ದೀಪ ಹೊತ್ತಿತೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೂಲೆಂಟ್ (ಕಾರಿನ ಎಂಜಿನ್ ತಣ್ಣಗಿಡುವ ದ್ರವ) ದೀಪದ ಬಗ್ಗೆಯೇ ಇಷ್ಟೊಂದು ಪತ್ರ ಬಂದಿರುವುದರಿಂದ ಬೇರೆ ವಿಷಯಗಳನ್ನು ಮುಂದಕ್ಕೆ ಹಾಕಿ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ಹಲವು ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದಿದೆ: "ನೀರು ಹಾಕಿದೆ, ದೀಪ ಆರಿತು." ದೀಪ ಆರಿದರೆ ಸಾಲದು. ಕಡಿಮೆಯಾದ ಕೂಲೆಂಟ್ ಎಲ್ಲಿಗೆ ಹೋಯಿತು ಅಂತ ಗೊತ್ತಾಗಬೇಕು. ಅದು ಗೊತ್ತಾಗುವ ತನಕ ರಿಪೇರಿ ಆಗಿಲ್ಲ ಅಂತಲೇ ಲೆಕ್ಕ.

ಪ್ರಶ್ನೆ: ಬೆಳಿಗ್ಗೆ ಕಾರ್ ಸ್ಟಾರ್ಟ್ ಮಾಡಿದ ಕೂಡಲೇ ಕೂಲೆಂಟ್ ದೀಪ ಹೊತ್ತುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ತಾನಾಗಿಯೇ ಆರುತ್ತದೆ. ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇರುತ್ತದೆ, ಮೇಲೆ ಹೋಗಿಲ್ಲ. ಒಮ್ಮೆ ನೀರು ತುಂಬಿಸಿದೆ, ಕೆಲವು ದಿನ ತೊಂದರೆ ಇರಲಿಲ್ಲ, ಈಗ ಮತ್ತೆ ಶುರುವಾಗಿದೆ. ಸೆನ್ಸರ್ ಹಾಳಾಗಿದೆಯಾ?

ಉತ್ತರ: ಸೆನ್ಸರ್ ಮೇಲೆ ಈಗಲೇ ಅನುಮಾನ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಮೊದಲು ಹೊತ್ತಿದ್ದು ಯಾವ ದೀಪ ಅಂತ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಇದರಲ್ಲಿ ಎರಡು ಬಗೆ. ಅಲೆಗಳ ಮೇಲೆ ಥರ್ಮಾಮೀಟರ್ ನಿಂತಂತಿರುವ ಕೆಂಪು ಗುರುತು ಬಂದರೆ ಎಂಜಿನ್ ಮಿತಿ ಮೀರಿ ಕಾದಿದೆ ಅಂತ ಅರ್ಥ. ಟ್ಯಾಂಕಿನ ಒಳಗೆ ಅಲೆ ಬರೆದಂತಿರುವ ಗುರುತು, ಅಥವಾ ಪರದೆ ಮೇಲೆ ಅಕ್ಷರದಲ್ಲೇ ಬರುವ ಸೂಚನೆ ಬಂದರೆ ಕೂಲೆಂಟ್ ಮಟ್ಟ ಇಳಿದಿದೆ ಅಂತ. ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಗುರುತು ಇರುತ್ತದೆ. ಮಟ್ಟ ನೋಡುವ ಸೆನ್ಸರೇ ಇಲ್ಲದ ಕಾರುಗಳೂ ಬೇಕಾದಷ್ಟಿವೆ, ಅವುಗಳಲ್ಲಿ ಕೆಂಪು ದೀಪ ಬಂತು ಅಂದರೆ ಬಿಸಿಯದ್ದೇ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದು ಸ್ಪಷ್ಟವಾಗಿ ಇರುತ್ತದೆ, ಒಮ್ಮೆ ತೆರೆದು ನೋಡಿ.

ನಿಮ್ಮದು ಮಟ್ಟದ ದೀಪ. ಕೂಲೆಂಟ್ ಕಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಟ್ಟ ಎಲ್ಲಕ್ಕಿಂತ ಕೆಳಗಿರುತ್ತದೆ, ಹಾಗಾಗಿ ಬೆಳಿಗ್ಗೆ ದೀಪ. ಎಂಜಿನ್ ಕಾಯುತ್ತಿದ್ದಂತೆ ಮಟ್ಟ ಒಂದು ಬೆರಳಿನಷ್ಟು ಮೇಲೇರಿ ಸೆನ್ಸರನ್ನು ದಾಟುತ್ತದೆ, ದೀಪ ಆರುತ್ತದೆ. ಅಂದರೆ ಕೂಲೆಂಟ್ ಟ್ಯಾಂಕಿನ ಮಟ್ಟ 'ಮಿನ್' (ಕನಿಷ್ಠ) ಗೆರೆಯ ಹತ್ತಿರವೇ ಆಡುತ್ತಿದೆ. ತುಂಬಿಸಿದ್ದು ಮತ್ತೆ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ. ಕೂಲೆಂಟ್ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ದಾರಿಯಲ್ಲಿ ಸುತ್ತುತ್ತದೆ, ವರ್ಷಗಟ್ಟಲೆಯಲ್ಲಿ ಒಂಚೂರು ಇಳಿದರೆ ಸಹಜ, ತಿಂಗಳಿಗೊಮ್ಮೆ ತುಂಬಿಸಬೇಕಾದರೆ ಖಂಡಿತ ಸಹಜ ಅಲ್ಲ.

ಈಗ ಹುಡುಕುವ ಕೆಲಸ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಕಾರ್ ನಿಂತಿರಲಿ. ಟ್ಯಾಂಕಿನ 'ಮಿನ್' ಮತ್ತು 'ಮ್ಯಾಕ್ಸ್' ಗೆರೆಗಳ ನಡುವೆ ಬರುವಷ್ಟು ಸರಿಯಾದ ಕೂಲೆಂಟ್ ತುಂಬಿ, ಮಟ್ಟ ನಿಂತ ಕಡೆ ಹೊರಗಿನಿಂದ ಒಂದು ಟೇಪ್ ತುಂಡು ಅಂಟಿಸಿ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನೋಡಿ. ಎಷ್ಟು ದಿನಕ್ಕೆ ಎಷ್ಟು ಇಳಿಯಿತು ಅನ್ನುವುದು ಗ್ಯಾರೇಜಿನವರಿಗೂ ಉಪಯೋಗಕ್ಕೆ ಬರುವ ಮಾಹಿತಿ.

ಆಮೇಲೆ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನೋಡಿ. ಹಸಿ ಜಾಗವನ್ನಷ್ಟೇ ಹುಡುಕಬೇಡಿ. ಸಣ್ಣ ಸೋರಿಕೆ ಬಿಸಿ ಎಂಜಿನ್ ಮೇಲೆ ಬಿದ್ದು ಅಲ್ಲೇ ಆವಿಯಾಗಿಬಿಡುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಉಳಿಯುವುದು ಒಣಗಿದ ಕಲೆ ಮಾತ್ರ. ಹೋಸ್ ಪೈಪ್ ಲೋಹದ ಕೊಳವೆಗೆ ಸಿಕ್ಕಿಸಿರುವ ಕಡೆ, ಕ್ಲಿಪ್ಪಿನ ಅಂಚಿನಲ್ಲಿ, ಬಿಳಿ ಅಥವಾ ತಿಳಿ ಗುಲಾಬಿ ಇಲ್ಲವೇ ಹಸಿರು ಬಣ್ಣದ ಪುಡಿ ಹೆಪ್ಪುಗಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಉದುರುತ್ತದೆ. ಅದೇ ನಿಮಗೆ ಬೇಕಾದ ಸಾಕ್ಷಿ. ರೇಡಿಯೇಟರ್‌ನ ಎರಡು ತುದಿಯಲ್ಲಿರುವ ಪ್ಲಾಸ್ಟಿಕ್ ಭಾಗ ಅಲ್ಯೂಮಿನಿಯಂ ಜೊತೆ ಸೇರುವ ಅಂಚು, ಟ್ಯಾಂಕಿನ ತಳದ ಜೋಡಣೆ, ಬಿಸಿ ನೋಡಿ ಕೂಲೆಂಟಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕೂತಿರುವ ಗೂಡು, ಇವೆಲ್ಲ ಹೀಗೆಯೇ ಕಲೆ ಬಿಡುವ ಜಾಗಗಳು. ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗ್ ಕಡೆ ಹೋಗದೆ ಹೊರಗೆ ಬರಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ಇಳಿದ ಗೆರೆ ಕಂಡರೆ ಪಂಪ್ ಬದಲಿಸುವ ಕಾಲ ಬಂದಿದೆ. ಆ ತೂತನ್ನು ಯಾರಾದರೂ ಮುಚ್ಚಲು ಹೊರಟರೆ ಬಿಡಬೇಡಿ.

ಕಾರಿನ ಒಳಗೂ ನೋಡಿ. ಹೀಟರ್‌ಗೆ ಅಂತ ಡ್ಯಾಶ್‌ಬೋರ್ಡ್ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಅದು ಸೋರಿದರೆ ಮುಂದಿನ ಸೀಟಿನವರ ಕಾಲ ಬಳಿ ಕಾರ್ಪೆಟ್ ಒದ್ದೆಯಾಗುತ್ತದೆ, ಒಳಗೆ ಸಿಹಿ ವಾಸನೆ ಬರುತ್ತದೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು ಕೂರುತ್ತದೆ. ಎಸಿ ನೀರು ಒಳಗೆ ಸೋರಿದರೂ ಕಾರ್ಪೆಟ್ ಒದ್ದೆಯಾಗುತ್ತದೆ. ಆದರೆ ಆ ನೀರಿಗೆ ವಾಸನೆಯೂ ಇಲ್ಲ, ಬೆರಳಿಗೆ ಜಾರುವುದೂ ಇಲ್ಲ. ಕೂಲೆಂಟ್ ಜಾರುತ್ತದೆ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ಅದು ವಿಷ.

ಇಷ್ಟಾದರೂ ಸಿಗದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಲು ಹೇಳಿ. ತಣ್ಣಗಿರುವ ಎಂಜಿನ್‌ಗೆ, ಕೂಲೆಂಟ್ ಟ್ಯಾಂಕಿನ ಅಥವಾ ರೇಡಿಯೇಟರಿನ ಮುಚ್ಚಳದ ಜಾಗದಲ್ಲಿ ಒಂದು ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಬಿಡುತ್ತಾರೆ. ಕಾಲು ಗಂಟೆಯಲ್ಲಿ ಮುಳ್ಳು ಇಳಿಯದಿದ್ದರೆ ಹೊರಗಿನ ಸೋರಿಕೆ ಇಲ್ಲ ಅನ್ನಬಹುದು. ಇಳಿದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಹನಿ ಕಾಣಿಸುತ್ತದೆ. ಜೊತೆಗೆ ಮುಚ್ಚಳವನ್ನೂ ಪರೀಕ್ಷಿಸಲು ಹೇಳಿ. ಸವೆದ ಮುಚ್ಚಳ ಒತ್ತಡ ಹಿಡಿಯದೆ ಕೂಲೆಂಟನ್ನು ಆವಿಯಾಗಿ ಹೊರಗೆ ಬಿಡುತ್ತದೆ, ಎಷ್ಟು ಹುಡುಕಿದರೂ ಸೋರಿಕೆ ಕಾಣುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಸುಲಭವಾಗಿ ಬದಲಾಯಿಸಬಹುದಾದ ಭಾಗ ಅದೇ, ಜನ ಕೊನೆಗೆ ನೋಡುವುದೂ ಅದನ್ನೇ.

ಪ್ರಶ್ನೆ: ದೂರದ ಪ್ರಯಾಣದಲ್ಲಿದ್ದಾಗ ಕೆಂಪು ಟೆಂಪರೇಚರ್ ದೀಪ ಬಂದರೆ ಹತ್ತಿರದ ಗ್ಯಾರೇಜಿನ ತನಕ ನಿಧಾನವಾಗಿ ಓಡಿಸಬಹುದಾ? ಎಷ್ಟು ದೂರ ಹೋಗಬಹುದು?

ಉತ್ತರ: ಹೋಗಬೇಡಿ. ನಿಲ್ಲಿಸಲು ಸುರಕ್ಷಿತ ಜಾಗ ಸಿಗುವಷ್ಟು ದೂರ, ಅಷ್ಟೇ.

ದೀಪ ಕಂಡ ಕೂಡಲೇ ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಸೆಖೆ ಆಗುತ್ತದೆ ನಿಜ, ಆದರೆ ಎಂಜಿನ್ನಿನ ಬಿಸಿ ಒಂದಿಷ್ಟು ಆ ದಾರಿಯಲ್ಲೂ ಹೊರಗೆ ಹೋಗುತ್ತದೆ. ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿ, ಬದಿಗೆ ತಂದು ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಆವಿ ಬರುತ್ತಿದ್ದರೆ ಬಾನೆಟ್ ತಕ್ಷಣ ಎತ್ತಬೇಡಿ. ಎತ್ತಿದ ಮೇಲೂ ಫ್ಯಾನ್ ಹತ್ತಿರ ಕೈ ಬೇಡ, ಎಂಜಿನ್ ಆಫ್ ಆಗಿದ್ದರೂ ಅದು ತಟ್ಟನೆ ತಿರುಗಲು ಶುರು ಮಾಡಬಹುದು.

ಟ್ಯಾಂಕಿನ ಅಥವಾ ರೇಡಿಯೇಟರಿನ ಮುಚ್ಚಳ ಮುಟ್ಟಲೇಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನಿಸುತ್ತದೆ ನನಗೆ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಸಮ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಹಿಡಿದಿಡುವ 1 ಬಾರ್ ಆಸುಪಾಸಿನ ಒತ್ತಡದಲ್ಲಿ ಅದೇ ಕೂಲೆಂಟ್ 125 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ನೀವು ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಒಳಗಿರುವುದೆಲ್ಲ ಒಂದೇ ಸಲ ಕುದಿದು ಮುಖದ ಮೇಲೆ ಹಾರುತ್ತದೆ. ಪ್ರೆಶರ್ ಕುಕ್ಕರ್ ಮುಚ್ಚಳವನ್ನು ಹಬೆ ಇಳಿಯದೆ ಯಾರೂ ತೆಗೆಯುವುದಿಲ್ಲ, ಅಲ್ವಾ? ಇಲ್ಲೂ ಅದೇ ನಿಯಮ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ದಪ್ಪ ಹೋಸ್ ಪೈಪಿನ ಹತ್ತಿರ ಕೈ ಹಿಡಿದು ನೋಡಿ, ಬಿಸಿ ತಾಗದಿದ್ದರೆ ಮಾತ್ರ ಅದನ್ನು ಮೆಲ್ಲಗೆ ಅದುಮಿ. ಸಡಿಲವಾಗಿದ್ದರೆ ಒತ್ತಡ ಇಳಿದಿದೆ ಅಂತ. ಆಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕಿಟ್ಟು, ಕಾಲು ಸುತ್ತು ಮಾತ್ರ ತಿರುಗಿಸಿ. ಸಿಳ್ಳೆ ಹೊಡೆದಂತೆ ಗಾಳಿ ಬಂದರೆ ಅಲ್ಲೇ ನಿಲ್ಲಿಸಿ, ಅದು ಪೂರ್ತಿ ಹೋದ ಮೇಲೆ ತೆಗೆಯಿರಿ.

ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದು ಇನ್ನೊಂದು ಅಪಾಯ. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ತಣ್ಣಗಾದ ಮೇಲೇ ತುಂಬಿ, ನಿಧಾನವಾಗಿ. ಕೂಲೆಂಟ್ ಇಲ್ಲದ ಹೊತ್ತಲ್ಲಿ ಕುಡಿಯುವ ನೀರು ಹಾಕಿದರೂ ತಪ್ಪಿಲ್ಲ, ಆದರೆ ಆಮೇಲೆ ಅದನ್ನು ಖಾಲಿ ಮಾಡಿಸಿ ಸರಿಯಾದ ಮಿಶ್ರಣ ತುಂಬಿಸಬೇಕು. ತುಂಬಿದ್ದು ಅಲ್ಲೇ ಸುರಿದು ಹೋಗುತ್ತಿದ್ದರೆ ಕಾರ್ ಎಳೆಸಿಕೊಂಡು ಹೋಗುವುದೇ ಸರಿ.

ಇನ್ನೊಂದು ಮಾತು, ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ, ಜೊತೆಗೆ ಹೀಟರಿನಿಂದ ತಣ್ಣನೆ ಗಾಳಿ ಬಂದರೆ, ಎಂಜಿನ್ ತಣ್ಣಗಾಯಿತು ಅಂತ ಸಮಾಧಾನ ಪಡಬೇಡಿ. ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಕೂಲೆಂಟ್ ಪೂರ್ತಿ ಖಾಲಿಯಾದರೆ ಅದು ಬರೀ ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಸುಳ್ಳು ಹೇಳುತ್ತದೆ. ಆ ಹೊತ್ತಲ್ಲಿ ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗುತ್ತದೆ, ಕೊನೆಗೆ ಎಂಜಿನ್ ಸೀಜ್. ಹೋಸ್ ಪೈಪಿನಲ್ಲಿ ಮುಗಿಯಬೇಕಿದ್ದ ಕೆಲಸ ಎಂಜಿನ್ ಬಿಚ್ಚುವ ತನಕ ಹೋಗುವುದು ಹೀಗೆಯೇ.

ಪ್ರಶ್ನೆ: ಟ್ಯಾಂಕ್ 'ಮ್ಯಾಕ್ಸ್' ತನಕ ತುಂಬಿದೆ, ಸೋರಿಕೆ ಇಲ್ಲ, ಎಂಜಿನ್ ಕಾಯುತ್ತಿಲ್ಲ. ಆದರೂ ಕೂಲೆಂಟ್ ಕಡಿಮೆ ಅನ್ನುವ ದೀಪ ಆರುತ್ತಿಲ್ಲ.

ಉತ್ತರ: ಈಗ ಸೆನ್ಸರ್ ಮೇಲೆ ಅನುಮಾನ ಪಡಬಹುದು.

ಇದರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದರಲ್ಲಿ ಟ್ಯಾಂಕಿನೊಳಗೆ ಆಯಸ್ಕಾಂತ ಕೂರಿಸಿದ ಒಂದು ತೇಲುಬಿಲ್ಲೆ ಇರುತ್ತದೆ, ಅದರ ಪಕ್ಕದಲ್ಲೋ ಕೆಳಗೋ ಒಂದು ರೀಡ್ ಸ್ವಿಚ್, ಅಂದರೆ ಆಯಸ್ಕಾಂತ ಹತ್ತಿರ ಬಂದಾಗ ಆಡುವ ಸ್ವಿಚ್. ಬಿಲ್ಲೆ ಇಳಿದಾಗ ಆಯಸ್ಕಾಂತ ಸ್ವಿಚ್ಚನ್ನು ಆಡಿಸುತ್ತದೆ, ದೀಪ ಬರುತ್ತದೆ. ಹಳೇ ಕೂಲೆಂಟಿನ ಕೆಸರು ಕೂತರೆ ಬಿಲ್ಲೆ ತಳದಲ್ಲೇ ಅಂಟಿಕೊಳ್ಳುತ್ತದೆ. ಬಿಲ್ಲೆಯೇ ಬಿರುಕು ಬಿಟ್ಟು ಒಳಗೆ ಕೂಲೆಂಟ್ ತುಂಬಿಕೊಂಡರೂ ಮೇಲೇಳುವುದಿಲ್ಲ. ಎಂಜಿನ್ ತಣ್ಣಗಿರುವಾಗ ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಟ್ಯಾಂಕಿನ ಪಕ್ಕಕ್ಕೆ ಬೆರಳಿನಿಂದ ತಟ್ಟಿ ನೋಡಿ. ದೀಪ ಆರಿತು ಅಂದರೆ ಬಿಲ್ಲೆ ಅಂಟಿಕೊಂಡಿತ್ತು. ಕೆಲವು ಕಾರುಗಳು ಸೂಚನೆಯನ್ನು ಬದಲಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತವೆ, ಹಾಗಾಗಿ ತಕ್ಷಣ ಆರದಿದ್ದರೆ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಅಂಟಿದ್ದೇ ಕಾರಣವಾದರೆ ಟ್ಯಾಂಕ್ ಬಿಚ್ಚಿ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಹಾಕಿದರೆ ಸರಿಹೋಗುವ ಸಾಧ್ಯತೆ ಇದೆ. ಎಷ್ಟೋ ಕಾರುಗಳಲ್ಲಿ ಸೆನ್ಸರ್ ಟ್ಯಾಂಕಿನ ಜೊತೆಗೇ ಬರುತ್ತದೆ, ಬೇರೆಯಾಗಿ ಸಿಗುವುದಿಲ್ಲ.

ಇನ್ನೊಂದು ಬಗೆಯಲ್ಲಿ ಎರಡು ಲೋಹದ ಕಡ್ಡಿಗಳು ಕೂಲೆಂಟಿನಲ್ಲಿ ಮುಳುಗಿರುತ್ತವೆ, ಅವುಗಳ ನಡುವೆ ವಿದ್ಯುತ್ ಹರಿದರೆ ಕೂಲೆಂಟ್ ಇದೆ ಅಂತ ಲೆಕ್ಕ. ಕಡ್ಡಿಗಳ ಮೇಲೆ ಪೊರೆ ಕಟ್ಟಿದರೆ ವಿದ್ಯುತ್ ಹರಿಯುವುದಿಲ್ಲ. ಬರೀ ಡಿಸ್ಟಿಲ್ಡ್ ವಾಟರ್ ತುಂಬಿಸಿದ್ದರೂ ಇದೇ ತೊಂದರೆ ಬರಬಹುದು, ಯಾಕೆಂದರೆ ಶುದ್ಧ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಕೂಲೆಂಟ್ ಬೆರೆಸಿದರೆ ಸರಿಯಾಗುತ್ತದೆ.

ಎರಡರಲ್ಲೂ ಕನೆಕ್ಟರ್ ಬಿಚ್ಚಿ ನೋಡುವುದು ಮರೆಯಬೇಡಿ. ಪಿನ್ನುಗಳ ಮೇಲೆ ಹಸಿರು ಕಿಲುಬು, ಒಳಗೆ ತೇವ, ಮುರಿದ ಲಾಕ್, ಇಷ್ಟರಲ್ಲೇ ಕಾರಣ ಸಿಕ್ಕಿಬಿಡಬಹುದು. ಕನೆಕ್ಟರಿನ ಎರಡು ಪಿನ್ನಿಗೆ ತಂತಿ ಕೊಟ್ಟು ದೀಪ ಆರಿಸಿಬಿಡುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಜವಾಗಿ ಕೂಲೆಂಟ್ ಇಳಿದ ದಿನ ನಿಮಗೆ ಹೇಳುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಏರುತ್ತದೆ, ವೇಗವಾಗಿ ಓಡಿಸಿದರೆ ಇಳಿಯುತ್ತದೆ. ಕೂಲೆಂಟ್ ಸರಿಯಾಗಿದೆ.

ಉತ್ತರ: ರೇಡಿಯೇಟರ್ ಫ್ಯಾನ್ ನೋಡಿ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಎಂಜಿನ್ ಓಡುತ್ತಿರುವಾಗ ಎಸಿ ಆನ್ ಮಾಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಜೊತೆ ರೇಡಿಯೇಟರ್ ಫ್ಯಾನೂ ತಿರುಗುತ್ತದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಫ್ಯಾನ್ ಮೋಟಾರ್, ಈ ಕ್ರಮದಲ್ಲಿ ಪರೀಕ್ಷಿಸಿ. ಫ್ಯೂಸ್ ಬಾಕ್ಸಿನಲ್ಲಿ ಅದೇ ಗುರುತಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದು ಸುಲಭದ ದಾರಿ. ಮೋಟಾರಿಗೆ ಕರೆಂಟ್ ಬರುತ್ತಿದ್ದೂ ತಿರುಗುತ್ತಿಲ್ಲ ಅಂದರೆ ಮೋಟಾರ್ ಹೋಗಿದೆ. ಎಸಿ ಹಾಕಿದಾಗ ತಿರುಗುತ್ತದೆ, ಎಂಜಿನ್ ಕಾದಾಗ ತಿರುಗುವುದಿಲ್ಲ ಅಂದರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿಂಗ್ ಕಡೆ ನೋಡಬೇಕು.

ಫ್ಯಾನ್ ಸರಿಯಿದ್ದರೆ ರೇಡಿಯೇಟರ್ ಮುಂದೆ ಟಾರ್ಚ್ ಹಿಡಿದು ನೋಡಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಒಂದರ ಹಿಂದೆ ಒಂದು ನಿಂತಿರುತ್ತವೆ, ನಡುವಿನ ಸಂದಿಯಲ್ಲಿ ಧೂಳು, ಹುಳ, ಎಲೆ ಸೇರಿ ದಪ್ಪ ಹಾಸಿಗೆ ಆಗಿರುತ್ತದೆ. ಹೊರಗಿನಿಂದ ಕಂಡೆನ್ಸರ್ ಮಾತ್ರ ಸ್ವಚ್ಛವಾಗಿ ಕಾಣುವುದರಿಂದ ಮೋಸ ಹೋಗುತ್ತೇವೆ. ಮೆಲ್ಲಗಿನ ನೀರಿನಿಂದ ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಜೋರು ಪ್ರೆಶರ್ ಹೊಡೆದರೆ ತೆಳು ಅಲ್ಯೂಮಿನಿಯಂ ಎಲೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ಕೂಲೆಂಟ್ ಹಸಿರು ಹಾಕಬೇಕಾ, ಗುಲಾಬಿ ಹಾಕಬೇಕಾ? ನಲ್ಲಿ ನೀರು ಬೆರೆಸಿದರೆ ಏನಾಗುತ್ತದೆ?

ಉತ್ತರ: ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಒಂದು ಕಂಪನಿಯ ಗುಲಾಬಿ, ಇನ್ನೊಂದು ಕಂಪನಿಯ ಗುಲಾಬಿ ಬೇರೆ ಬೇರೆ ರಾಸಾಯನಿಕ ಆಗಿರಬಹುದು. ವ್ಯತ್ಯಾಸ ಇರುವುದು ತುಕ್ಕು ತಡೆಯಲು ಬೆರೆಸಿದ ವಸ್ತುಗಳಲ್ಲಿ. ಹಳೇ ಬಗೆಯದಕ್ಕೆ ಐಎಟಿ ಅನ್ನುತ್ತಾರೆ, ಸುಮಾರು 2 ವರ್ಷಕ್ಕೆ ಬದಲಿಸಬೇಕು. ಒಎಟಿ ಅನ್ನುವ ಬಗೆ 5 ವರ್ಷ ಅಥವಾ ಇನ್ನೂ ಜಾಸ್ತಿ ಬರುತ್ತದೆ. ಎರಡನ್ನೂ ಸೇರಿಸಿ ಮಾಡಿದ್ದು ಎಚ್‌ಒಎಟಿ. ಇವನ್ನು ಮನಸ್ಸಿಗೆ ಬಂದಂತೆ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಹೋಗುತ್ತದೆ, ಕೆಲವು ಸಲ ಲೋಳೆಯಂತಾಗಿ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ನಿಮ್ಮ ಕಾರಿನ ಪುಸ್ತಕದಲ್ಲಿ ಕೊಟ್ಟಿರುವ ಗುಣಮಟ್ಟದ ಸಂಕೇತ ಡಬ್ಬಿಯ ಮೇಲೂ ಇರಬೇಕು, ಅಷ್ಟು ನೋಡಿದರೆ ಸಾಕು.

ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ, ಬಿಸಿಯಾದಾಗ ಅದು ಒಳಗೋಡೆಗೆ ಗಟ್ಟಿ ಪದರವಾಗಿ ಅಂಟುತ್ತದೆ. ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರನ್ನೇ ಬೆರೆಸಿ. ನೀರು ಬೆರೆಸದ ಗಟ್ಟಿ ಕೂಲೆಂಟನ್ನು ಹಾಗೇ ಸುರಿಯುವುದೂ ತಪ್ಪು. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅನಿಸುತ್ತದೆ, ಆದರೆ ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಮುಂದು. ಗ್ಲೈಕಾಲ್ ಬೇಕಾಗಿರುವುದು ಬೇಗ ಕುದಿಯದಿರಲು, ಬೇಗ ಹೆಪ್ಪುಗಟ್ಟದಿರಲು. ಸಮಸಮ ಬೆರೆಸಿದರೆ ಮೈನಸ್ 37 ಡಿಗ್ರಿ ತನಕ ಹೆಪ್ಪುಗಟ್ಟುವುದಿಲ್ಲ. ನೀರೇ ಇಲ್ಲದ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಸುತ್ತಮುತ್ತಲೇ ಹೆಪ್ಪುಗಟ್ಟುತ್ತದೆ. ಡಬ್ಬಿಯ ಮೇಲೆ ಬೆರೆಸಿದ್ದೇ ಅಥವಾ ಬೆರೆಸಬೇಕಾದ್ದೇ ಅಂತ ಬರೆದಿರುತ್ತದೆ, ಓದಿಕೊಳ್ಳಿ.

ಪ್ರಶ್ನೆ: ಹೋಸ್ ಪೈಪ್ ಬದಲಿಸಿ ಹೊಸ ಕೂಲೆಂಟ್ ತುಂಬಿಸಿದ ಮೇಲೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಹೀಟರ್ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ಮುಳ್ಳು ಏರಿಳಿಯುತ್ತದೆ.

ಉತ್ತರ: ಏರ್ ಲಾಕ್. ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅದು ಇರುವ ಕಡೆ ಕೂಲೆಂಟ್ ಸುತ್ತುತ್ತಿಲ್ಲ.

ಎಂಜಿನ್ ತಣ್ಣಗಿರುವಾಗ ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ಬರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ತಡೆ ಕೊಡಿ. ಹೀಟರ್ ಪೂರ್ತಿ ಬಿಸಿಗೆ. ಮುಚ್ಚಳ ತೆಗೆದು ನಿಧಾನವಾಗಿ ತುಂಬಿ. ಗಾಳಿ ಬಿಡುವ ಸ್ಕ್ರೂ ಇರುವ ಕಾರಾದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲೆಂಟ್ ಬರುವ ತನಕ ತುಂಬಿ ಮುಚ್ಚಿ. ಅದು ಪ್ಲಾಸ್ಟಿಕ್ ಸ್ಕ್ರೂ ಆಗಿದ್ದರೆ ಕೈ ಹಗುರವಾಗಿರಲಿ, ಮುರಿಯುತ್ತದೆ. ಈಗ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಎಂಜಿನ್ ಇನ್ನೂ ಬಿಸಿಯಾಗದೆ ಇರುವಾಗಲೇ ಮೇಲಿನ ಹೋಸ್ ಪೈಪನ್ನು ಕೆಲವು ಸಲ ಅದುಮಿ ಬಿಟ್ಟರೆ ಗುಳ್ಳೆಗಳು ಟ್ಯಾಂಕಿಗೆ ಬರುತ್ತವೆ. ಮಟ್ಟ ಇಳಿದಂತೆ ತುಂಬಿ, ಬಿಸಿ ಏರುವ ಮೊದಲೇ ಮುಚ್ಚಳ ಹಾಕಿ, ಫ್ಯಾನ್ ಒಮ್ಮೆ ಶುರುವಾಗಿ ನಿಲ್ಲುವ ತನಕ ಬಿಡಿ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ, ಇಳಿದಿರುತ್ತದೆ, ತುಂಬಿ. ಎಲೆಕ್ಟ್ರಿಕ್ ವಾಟರ್ ಪಂಪ್ ಇರುವ ಕೆಲವು ಹೊಸ ಕಾರುಗಳಲ್ಲಿ ಈ ವಿಧಾನ ಸಾಲುವುದಿಲ್ಲ. ಅವಕ್ಕೆ ಸ್ಕ್ಯಾನರ್‌ನಿಂದ ಪಂಪ್ ಓಡಿಸಬೇಕು, ಇಲ್ಲವೇ ವ್ಯಾಕ್ಯೂಮ್ ಹಾಕಿ ತುಂಬಬೇಕು. ಅದನ್ನು ಸಲಕರಣೆ ಇರುವವರಿಗೆ ಬಿಡಿ.

ಪ್ರಶ್ನೆ: ಪ್ರೆಶರ್ ಟೆಸ್ಟ್ ಮಾಡಿಸಿದೆ, ಮುಚ್ಚಳ ಹೊಸದು, ಎಲ್ಲೂ ಕಲೆ ಇಲ್ಲ. ಆದರೂ ಕೂಲೆಂಟ್ ಇಳಿಯುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂತಿದ್ದಾರೆ. ನಂಬಬಹುದಾ?

ಉತ್ತರ: ಅನುಮಾನ ಸರಿಯಾದ ದಿಕ್ಕಿನಲ್ಲಿದೆ, ಆದರೆ ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳುವ ಹಕ್ಕು ನಿಮಗಿದೆ. ಅದಕ್ಕೆ ಪರೀಕ್ಷೆಗಳಿವೆ, ಕೇಳಿ ಮಾಡಿಸಿ.

ಹೊರಗೆ ಸೋರದ ಕೂಲೆಂಟ್ ಒಳಗೆ ಸುಡುತ್ತಿದ್ದರೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಸಿಹಿ ವಾಸನೆ ಇರುತ್ತದೆ, ಎಂಜಿನ್ ಕಾದ ಮೇಲೂ ನಿಲ್ಲುವುದಿಲ್ಲ. ಚಳಿ ಬೆಳಗಿನಲ್ಲಿ ಸ್ವಲ್ಪ ಹೊತ್ತು ಬಂದು ನಿಲ್ಲುವ ಬಿಳಿ ಆವಿ ಬೇರೆ, ಅದು ಎಲ್ಲ ಕಾರಿನಲ್ಲೂ ಬರುತ್ತದೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಬಿಗಿಯಾದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿದೆ. ಅಷ್ಟು ಬೇಗ ಬರೀ ಬಿಸಿಯಿಂದ ಒತ್ತಡ ಏರುವುದಿಲ್ಲ. ಡಿಪ್ ಸ್ಟಿಕ್ ಎಳೆದು ಆಯಿಲ್ ನೋಡಿ, ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಕೂಲೆಂಟ್ ಸೇರಿದೆ. ಆಯಿಲ್ ತುಂಬುವ ಮುಚ್ಚಳದ ಕೆಳಗೆ ಮಾತ್ರ ಕೆನೆಯಂಥದ್ದು ಕಂಡು ಡಿಪ್ ಸ್ಟಿಕ್ ಸ್ವಚ್ಛವಾಗಿದ್ದರೆ ಗಾಬರಿ ಬೇಡ, ದಿನಾ ಸ್ವಲ್ಪ ಸ್ವಲ್ಪ ದೂರವೇ ಓಡಿಸುವ ಕಾರುಗಳಲ್ಲಿ ತೇವ ಹಾಗೆ ಕೂರುತ್ತದೆ.

ಖಚಿತ ಮಾಡಿಕೊಳ್ಳಲು ಬ್ಲಾಕ್ ಟೆಸ್ಟ್ ಇದೆ. ಟ್ಯಾಂಕಿನ ಬಾಯಿಗೆ ನೀಲಿ ದ್ರವ ಇರುವ ಒಂದು ಗಾಜಿನ ಕೊಳವೆ ಇಟ್ಟು, ಎಂಜಿನ್ ಓಡುವಾಗ ಟ್ಯಾಂಕಿನೊಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಸುಟ್ಟ ಗ್ಯಾಸಿನ ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನೀವೇ ನಿಂತು ನೋಡಬಹುದು. ಡೀಸೆಲ್ ಕಾರಾದರೆ ಇಜಿಆರ್ ಕೂಲರನ್ನೂ (ಎಂಜಿನ್‌ಗೆ ಮರಳಿ ಕಳಿಸುವ ಹೊಗೆಯನ್ನು ಕೂಲೆಂಟಿನಿಂದ ತಣ್ಣಗೆ ಮಾಡುವ ಭಾಗ) ಪರೀಕ್ಷಿಸಲು ಹೇಳಲೇಬೇಕು. ಅದು ಒಳಗೆ ಬಿರುಕು ಬಿಟ್ಟರೂ ಕೂಲೆಂಟ್ ಸದ್ದಿಲ್ಲದೆ ಸೈಲೆನ್ಸರ್ ದಾರಿಯಲ್ಲಿ ಹೋಗುತ್ತದೆ, ಗ್ಯಾಸ್ಕೆಟ್ ಬದಲಿಸಿದರೂ ತೊಂದರೆ ಹಾಗೇ ಉಳಿಯುತ್ತದೆ. ಪರೀಕ್ಷೆ ಮಾಡದೆ "ಬಿಚ್ಚಿ ನೋಡೋಣ" ಅನ್ನುವ ಕಡೆ ಕಾರ್ ಬಿಡಬೇಡಿ. ಗ್ಯಾಸ್ಕೆಟ್ ಬದಲಿಸುವುದೇ ಆದರೆ ಹೆಡ್ ಸೊಟ್ಟಗಾಗಿದೆಯೇ ಅಂತ ಅಳತೆ ಮಾಡಿಸುವುದೂ ಆ ಕೆಲಸದಲ್ಲಿ ಸೇರಿರಬೇಕು.

ಪ್ರಶ್ನೆ: ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಎಂಜಿನ್ ಯಾವತ್ತೂ ಕಾಯುವುದಿಲ್ಲ ಅಂತ ಒಬ್ಬರು ಹೇಳಿದರು. ಸೋರಿಕೆ ನಿಲ್ಲಿಸುವ ಪುಡಿಯನ್ನೂ ಹಾಕಿಸಲು ಹೇಳಿದರು.

ಉತ್ತರ: ಎರಡೂ ಬೇಡ. ಥರ್ಮೋಸ್ಟಾಟ್ ಒಳಗೆ ಮೇಣ ಇರುತ್ತದೆ, ಸಾಮಾನ್ಯವಾಗಿ 82ರಿಂದ 92 ಡಿಗ್ರಿ ನಡುವೆ ಅದು ಕರಗಿ ಹಿಗ್ಗಿ ದಾರಿ ತೆರೆಯುತ್ತದೆ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಇಂಧನ ಜಾಸ್ತಿ ಕುಡಿಯುತ್ತದೆ, ಒಳಗೆ ಸವೆತ ಜಾಸ್ತಿಯಾಗುತ್ತದೆ, ಪಿ0128 ಅನ್ನುವ ಕೋಡ್ ಜೊತೆ ಚೆಕ್ ಎಂಜಿನ್ ದೀಪವೂ ಬರಬಹುದು. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿದ್ದರೆ ಎಂಜಿನ್ ಕಾದಿದ್ದರೂ ಅದರ ಆಚೆ ಬದಿಯ ಹೋಸ್ ಪೈಪ್ ತಣ್ಣಗಿರುತ್ತದೆ. ಹಾಗಿದ್ದರೆ ಹೊಸದು ಹಾಕಿಸಿ. ಕಾದ ಎಂಜಿನ್ನಿನ ಬಿಸಿ ಇಳಿಸಲು ಒಂದು ಒಳ್ಳೆಯ ಭಾಗವನ್ನು ಕಿತ್ತು ಎಸೆಯುವುದು ಪರಿಹಾರ ಅಲ್ಲ.

ಪುಡಿ ಸಣ್ಣ ತೂತನ್ನು ಮುಚ್ಚಬಹುದು, ಆದರೆ ಅದಕ್ಕೆ ತೂತು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ದಾರಿ ಮಧ್ಯೆ ಬೇರೆ ಉಪಾಯವೇ ಇಲ್ಲದಿದ್ದಾಗ ಮನೆ ಸೇರಲು ಹಾಕಿದರೆ ಸರಿ, ಆಮೇಲೆ ಪೂರ್ತಿ ತೊಳೆಸಬೇಕು.

ಪ್ರಶ್ನೆ: ಸ್ಟಾರ್ಟ್ ಮಾಡಿದಾಗ ನೀಲಿ ಬಣ್ಣದ ಥರ್ಮಾಮೀಟರ್ ದೀಪ ಬರುತ್ತದೆ. ಇದೂ ಅಪಾಯವೇ?

ಉತ್ತರ: ಅಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಅಷ್ಟೇ. ಅದು ಆರುವ ತನಕ ಜೋರಾಗಿ ಓಡಿಸಬೇಡಿ. ತುಂಬಾ ದೂರ ಹೋದರೂ ಆರದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು.

ಪ್ರಶ್ನೆ: ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ನೇ ಇಲ್ಲ, ಕೂಲೆಂಟ್ ದೀಪ ಯಾಕೆ?

ಉತ್ತರ: ಬ್ಯಾಟರಿ, ಮೋಟಾರ್, ಇನ್ವರ್ಟರ್, ಎಲ್ಲವೂ ಬಿಸಿಯಾಗುತ್ತವೆ, ಹೆಚ್ಚಿನ ಕಾರುಗಳಲ್ಲಿ ಅವನ್ನು ಕೂಲೆಂಟೇ ತಣ್ಣಗಿಡುತ್ತದೆ. ಹೈಬ್ರಿಡ್ ಕಾರುಗಳಲ್ಲಿ ಎಂಜಿನ್‌ಗೆ ಒಂದು ಟ್ಯಾಂಕ್, ಇನ್ವರ್ಟರ್‌ಗೆ ಇನ್ನೊಂದು ಟ್ಯಾಂಕ್ ಇರುವುದುಂಟು, ಎರಡನ್ನೂ ನೋಡಿ. ಇಲ್ಲಿ ನೀರು ಸುರಿಯುವುದು ಮಾತ್ರ ಖಂಡಿತ ಬೇಡ. ಕೆಲವು ಕಾರುಗಳಿಗೆ ವಿದ್ಯುತ್ ಕಡಿಮೆ ಹರಿಯುವ ವಿಶೇಷ ಕೂಲೆಂಟೇ ಬೇಕು. ಮಟ್ಟ ಇಳಿದಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ, ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳನ್ನು ಮುಟ್ಟಬೇಡಿ.

ಪ್ರಶ್ನೆ: ಮನೆಯಲ್ಲೇ ಕೂಲೆಂಟ್ ಬದಲಿಸುತ್ತೇನೆ. ಹಳೆಯದನ್ನು ಚರಂಡಿಗೆ ಬಿಡಬಹುದಾ? ಮನೆಯಲ್ಲಿ ನಾಯಿ ಇದೆ.

ಉತ್ತರ: ಚರಂಡಿಗೂ ಬೇಡ, ಮಣ್ಣಿಗೂ ಬೇಡ. ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿ, ಮೇಲೆ ಹೆಸರು ಬರೆದು, ಹಳೇ ಆಯಿಲ್ ಮತ್ತು ಕೂಲೆಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ.

ನಾಯಿ ಇದೆ ಅಂತ ಬರೆದಿದ್ದು ಒಳ್ಳೆಯದಾಯಿತು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮಕ್ಕಳೂ ಬಾಯಿಗೆ ಹಾಕಿಕೊಳ್ಳಬಹುದು. ಸ್ವಲ್ಪವೇ ಆದರೂ ಅದು ಮೂತ್ರಪಿಂಡವನ್ನು ಹಾಳು ಮಾಡಿ ಜೀವ ತೆಗೆಯುತ್ತದೆ. ಮೊದಲು ಪ್ರಾಣಿ ಅಮಲೇರಿದಂತೆ ತೂರಾಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣಬಹುದು. ಆ ಸುಧಾರಣೆಯನ್ನು ನಂಬಬೇಡಿ, ಒಳಗೆ ಹಾನಿ ನಡೆಯುತ್ತಲೇ ಇರುತ್ತದೆ. ನೆಲಕ್ಕೆ ಚೆಲ್ಲಿದ್ದನ್ನು ಮರಳೋ ಹಳೇ ಬಟ್ಟೆಯೋ ಹಾಕಿ ಹೀರಿಸಿ ತೆಗೆಯಿರಿ, ಆಮೇಲೆ ಆ ಜಾಗ ತೊಳೆಯಿರಿ, ಕೆಲಸ ಮುಗಿಯುವ ತನಕ ನಾಯಿಯನ್ನು ಒಳಗೆ ಕಟ್ಟಿಹಾಕಿ. ನೆಕ್ಕಿದೆ ಅನ್ನುವ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಅಂತ ಕಾಯದೆ ತಕ್ಷಣ ಪಶುವೈದ್ಯರ ಹತ್ತಿರ ಹೋಗಿ, ಕೂಲೆಂಟ್ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಮದ್ದು ಇದೆ, ಆದರೆ ಅದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ.